ಇಂದ್ರನ ಹತ್ತಿರ ಒಂದೆರಡು ಮಳೆ ಯಾಕೆ ಕೇಳಲಿಲ್ಲ?

ಮೊನ್ನೆ ಊಟಕ್ಕೆ ಕೂತಾಗ ತಂಗಿಯ ಮಗಳು ಕೇಳಿದಳು. "ದೊಡ್ಡವ್ವ, ಕಾರ್ನಾಡರ ನಾಟಕದಾಗ ನಿನಗ ಎಲ್ಲಾಕಿಂತ ಯಾವ್ದು ಛಲೋ ಅನಸ್ತದ?" ಅವಳಿಗೆ ಕಾಲೇಜಿನಲ್ಲಿ 'ತುಘಲಕ್' ಪಠ್ಯ. ನಾನೂ ಅದನ್ನೇ ಹೇಳುತ್ತೇನೆ ಅಂದುಕೊಂಡಿದ್ದಳು. ನಾನು ಹೇಳಿದ್ದು 'ಅಗ್ನಿ ಮತ್ತು ಮಳೆ'. ಆ ಹೆಸರನ್ನೇ ಅವಳು ಕೇಳಿರಲಿಲ್ಲ. ಆ ರಾತ್ರಿ ಕೂತು ಎಲ್ಲ ನಾಟಕಗಳನ್ನೂ ನನ್ನ ಇಷ್ಟದ ಪ್ರಕಾರ ಸಾಲಾಗಿ ಬರೆದುಕೊಂಡೆ. ಇದು ವಿಮರ್ಶೆ ಅಲ್ಲ. ಓದಿ, ನೋಡಿ, ಮತ್ತೆ ಓದಿದ ಒಬ್ಬಳ ಲೆಕ್ಕ.

ನಾನು ಧಾರವಾಡದಲ್ಲಿ ಬೆಳೆದವಳು. ಗಿರೀಶ ಕಾರ್ನಾಡರ ನಾಟಕಗಳು ಅಂದರೆ ನಮಗೆ ಮೊದಲು ಸುಭಾಸ ರಸ್ತೆಯ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ. ಅದನ್ನು ಕಟ್ಟಿದ ಜಿ. ಬಿ. ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಕೂತು ಮಾತಾಡುತ್ತಿದ್ದ ಜಾಗ. 1961ರಲ್ಲಿ 'ಯಯಾತಿ' ಪುಸ್ತಕವಾಗಿ ಹೊರಬಂದದ್ದು ಅಲ್ಲಿಂದಲೇ. ನಮ್ಮಪ್ಪನ ಕಪಾಟಿನಲ್ಲಿ ಗ್ರಂಥಮಾಲೆಯ ಪುಸ್ತಕಗಳ ಒಂದು ಸಾಲೇ ಇತ್ತು. ಪಿಯುಸಿ ಓದುವಾಗ ಒಂದು ಮಧ್ಯಾಹ್ನ ಸುಮ್ನೆ ಕೈಹಾಕಿ ತೆಗೆದದ್ದು 'ಯಯಾತಿ'. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿದಿತ್ತು. ರಾತ್ರಿ ಊಟ ಸೇರಲಿಲ್ಲ.

ಕಾರಣ ಚಿತ್ರಲೇಖೆ. ಮಹಾಭಾರತದಲ್ಲಿ ಅವಳಿಲ್ಲ. ಅಲ್ಲಿ ಅಪ್ಪ ಯಯಾತಿ ತನ್ನ ಮುದಿತನ ಕೊಡುತ್ತಾನೆ, ಮಗ ಪುರು ತಗೊಳ್ಳುತ್ತಾನೆ, ಮಗನ ತ್ಯಾಗ ದೊಡ್ಡದು ಅಂತ ಎಲ್ಲರೂ ಹೊಗಳುತ್ತಾರೆ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ಹುಡುಗ ಕಾರ್ನಾಡ ಆ ಕತೆಯೊಳಗೆ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಸೊಸೆಯನ್ನು ತಂದು ನಿಲ್ಲಿಸಿದರು. ಗಂಡನ ತ್ಯಾಗದ ಸುದ್ದಿ ಕೇಳಿ ಮೊದಲು ಅವಳಿಗೂ ಹೆಮ್ಮೆಯೇ. ಆಮೇಲೆ ದೀಪದ ಬೆಳಕಲ್ಲಿ ಅವನ ಮುಖ ನೋಡುತ್ತಾಳೆ. ಅಲ್ಲಿಂದ ನಾಟಕದ ದಿಕ್ಕೇ ಬದಲಾಗುತ್ತದೆ. ಮಾವನ ಎದುರು ನಿಂತು ಅವಳು ಕೇಳುವುದರ ತಿರುಳು ಇಷ್ಟೇ: ನೀವು ಅವನ ಯೌವನ ತಗೊಂಡಿರಿ, ಆ ಯೌವನವನ್ನೇ ನಂಬಿ ಬಂದ ನಾನು ಏನು ಮಾಡಲಿ? ಯಯಾತಿಯ ಹತ್ತಿರ ಉತ್ತರವಿಲ್ಲ. ಅವಳು ವಿಷ ಕುಡಿದ ಮೇಲೆ ಅವನಿಗೆ ಬುದ್ಧಿ ಬರುತ್ತದೆ.

ಅವತ್ತಿನಿಂದ ಕಾರ್ನಾಡರನ್ನು ಓದುವಾಗ ನನಗೆ ಒಂದು ಅಳತೆ ಸಿಕ್ಕಿತು. ದೊಡ್ಡವರೆಲ್ಲ ಧರ್ಮ, ವಂಶ, ರಾಜ್ಯ ಅಂತ ಮಾತಾಡುತ್ತಿರುವಾಗ, ಮೂಲೆಯಲ್ಲಿ ನಿಂತ ಯಾರೋ ಒಬ್ಬರು ಒಂದು ಸಾದಾ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆ ಎಷ್ಟು ಆಳಕ್ಕೆ ಹೋಗುತ್ತದೋ, ನಾಟಕ ನನ್ನ ಪಟ್ಟಿಯಲ್ಲಿ ಅಷ್ಟು ಮೇಲೆ ಹೋಗುತ್ತದೆ. 'ಯಯಾತಿ'ಗೆ ನಾನು ಕೊಡುವುದು ಆರನೇ ಜಾಗ. ಭಾಷೆ ಅಲ್ಲಲ್ಲಿ ಭಾರ ಅನ್ನಿಸುತ್ತದೆ, ಪಾತ್ರಗಳು ಬೇಕಾದದ್ದಕ್ಕಿಂತ ಜಾಸ್ತಿ ಮಾತಾಡುತ್ತವೆ. ಆದರೆ ಅದು ನನ್ನ ಮೊದಲನೆಯದು, ಆರಕ್ಕಿಂತ ಕೆಳಗೆ ಇಳಿಸಲು ಮನಸ್ಸು ಬರುವುದಿಲ್ಲ.

ಕೆಳಗಿನವನ್ನು ಬೇಗ ಹೇಳಿಬಿಡುತ್ತೇನೆ. 'ಅಂಜುಮಲ್ಲಿಗೆ' ನನಗೆ ಒಗ್ಗಲಿಲ್ಲ. ಇಂಗ್ಲೆಂಡಿನಲ್ಲಿ ನಡೆಯುವ ಅಣ್ಣ ತಂಗಿಯ ಕತೆ, ಧೈರ್ಯದ ವಸ್ತು, ಆದರೆ ಆ ಜನ ನನಗೆ ದೂರದವರಾಗಿಯೇ ಉಳಿದರು. 'ಟಿಪ್ಪು ಸುಲ್ತಾನ ಕಂಡ ಕನಸು' ಮೊದಲು ಬಿಬಿಸಿ ರೇಡಿಯೊಗೆ ಬರೆದದ್ದು. ರಾಜ ತನ್ನ ಕನಸುಗಳನ್ನು ತಾನೇ ಬರೆದಿಟ್ಟಿದ್ದ ಅನ್ನುವ ಸಂಗತಿಯೇ ಎಷ್ಟು ಚಂದ, ಅಲ್ವಾ? ನಾಟಕ ಆ ಚಂದದ ಅರ್ಧ ದಾರಿಯವರೆಗೆ ಹೋಗುತ್ತದೆ. 'ಮದುವೆ ಆಲ್ಬಮ್' ನಮ್ಮ ಊರಿನ ಮನೆಯ ಕತೆ, ನಮ್ಮ ಓಣಿಯ ಮಾತು. ನಕ್ಕಿದ್ದೇನೆ, ಕಣ್ಣೊರೆಸಿಕೊಂಡಿದ್ದೇನೆ, ಆದರೆ ಮತ್ತೆ ಮತ್ತೆ ಹೋಗುವುದಿಲ್ಲ. 'ರಾಕ್ಷಸ ತಂಗಡಿ' 2018ರಲ್ಲಿ ಬಂತು, ಅವರು ತೀರಿಕೊಂಡದ್ದು 2019ರ ಜೂನ್ 10ರಂದು. ಎಂಬತ್ತರ ಅಂಚಿನಲ್ಲಿದ್ದ ಮನುಷ್ಯ ವಿಜಯನಗರ ಸೋತ 1565ರ ಯುದ್ಧದ ಮುದುಕ ರಾಮರಾಯನನ್ನು ಬರೆದರು ಅನ್ನುವುದನ್ನು ನೆನೆದರೆ ಮನಸ್ಸು ತುಂಬುತ್ತದೆ. ಹಿಂದೂ ರಾಜ, ಮುಸ್ಲಿಂ ಸುಲ್ತಾನರು ಎಂದು ಎರಡು ಗೆರೆ ಎಳೆದು ಪಾಠ ಹೇಳಿಸಿಕೊಂಡವರು ಇದನ್ನು ಓದಬೇಕು. ರಾಮರಾಯನನ್ನು ತಂದೆಯಂತೆ ಕಂಡಿದ್ದ ಬಿಜಾಪುರದ ಅಲಿ ಆದಿಲ್ ಶಾಹನೇ ಕೊನೆಗೆ ಎದುರಾಳಿಗಳ ಸಾಲಿನಲ್ಲಿ ನಿಂತ.

'ಒಡಕಲು ಬಿಂಬ'ಕ್ಕೆ ಏಳು. ಟಿವಿ ಸ್ಟುಡಿಯೊದಲ್ಲಿ ಒಬ್ಬಳೇ ಲೇಖಕಿ. ಕನ್ನಡದಲ್ಲಿ ಬರೆಯುತ್ತಿದ್ದವಳು ಇಂಗ್ಲಿಷ್ ಕಾದಂಬರಿ ಬರೆದು ಹೆಸರು ಮಾಡಿದ್ದಾಳೆ. ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನೆ ಕೇಳುತ್ತದೆ. ರಂಗಶಂಕರದಲ್ಲಿ ಅರುಂಧತಿ ನಾಗ್ ಅವರು ಇದನ್ನು ಮಾಡಿದ್ದನ್ನು ನೋಡಿದೆ. ಆ ಕಾದಂಬರಿ ನಿಜಕ್ಕೂ ಯಾರದು ಎಂದು ಗೊತ್ತಾಗುವ ಗಳಿಗೆಯಲ್ಲಿ ನನ್ನ ಪಕ್ಕ ಕೂತಿದ್ದ ಅಪರಿಚಿತ ಹೆಣ್ಣುಮಗಳು ನನ್ನ ಕೈ ಹಿಡಿದುಕೊಂಡಳು.

ಐದು 'ಹಯವದನ'. ಇದನ್ನು ಇಷ್ಟು ಕೆಳಗೆ ಇಟ್ಟಿದ್ದಕ್ಕೆ ನನ್ನ ಗೆಳತಿಯರು ಜಗಳಕ್ಕೆ ಬರುತ್ತಾರೆ. 'ಗಜವದನ ಹೇರಂಬ' ಶುರುವಾದರೆ ಇವತ್ತಿಗೂ ನನ್ನ ಮೈ ಜುಮ್ ಅನ್ನುತ್ತದೆ. ಬಿ. ವಿ. ಕಾರಂತರ ಸಂಗೀತ ನಮ್ಮ ರಂಗಭೂಮಿಗೆ ಒಂದು ದೊಡ್ಡ ಹಬ್ಬ. ಅರ್ಧ ತೆರೆ, ಭಾಗವತ, ಮಾತಾಡುವ ಗೊಂಬೆಗಳು, ಆಕಳಿಸುತ್ತಾ ಎದ್ದು ಬರುವ ಕಾಳಿ! ಇಷ್ಟು ಆಟ ಬೇರೆ ಯಾವ ನಾಟಕದಲ್ಲೂ ಇಲ್ಲ. ಪದ್ಮಿನಿಗೆ ಗಂಡ ದೇವದತ್ತನ ತಲೆಯೂ ಬೇಕು, ಅವನ ಗೆಳೆಯ ಕಪಿಲನ ಮೈಯೂ ಬೇಕು. ಆ ಆಸೆಯನ್ನು ನಾಟಕ ಬೈಯುವುದಿಲ್ಲ, ಅದು ನನಗೆ ಬಹಳ ಇಷ್ಟ. ಆದರೆ ಕೊನೆಗೆ ಅವಳು ಚಿತೆ ಏರುವಾಗ ನನಗೆ ಪ್ರತಿಸಲ ಕೋಪ ಬರುತ್ತದೆ. ಗಂಡಸರಿಬ್ಬರೂ ಒಬ್ಬರನ್ನೊಬ್ಬರು ಕಡಿದುಕೊಂಡು ಸತ್ತು ಲೆಕ್ಕ ಮುಗಿಸಿದರು. ಅವಳು ಯಾಕೆ ಹೋಗಬೇಕು? ಮಗು ಇನ್ನೂ ಇದೆ. ಅವಳು ಬದುಕಿ ಉಳಿದಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ನಾಲ್ಕು 'ನಾಗಮಂಡಲ'. 1997ರ ನಾಗಾಭರಣರ ಸಿನಿಮಾದಿಂದ ಎಲ್ಲರಿಗೂ ಕತೆ ಗೊತ್ತು. ಆದರೆ ನಾಟಕ ಓದದವರಿಗೆ ಅದರ ಮೊದಲ ದೃಶ್ಯ ಗೊತ್ತಿಲ್ಲ. ಊರಲ್ಲಿ ದೀಪ ಆರಿಸಿದ ಮೇಲೆ ಎಲ್ಲ ಮನೆಯ ಜ್ಯೋತಿಗಳೂ ಒಂದು ಪಾಳು ಗುಡಿಯಲ್ಲಿ ಸೇರಿ ಹರಟೆ ಹೊಡೆಯುತ್ತವೆ. ಕತೆಯೊಂದು ಹೆಣ್ಣಾಗಿ, ಸೀರೆ ಉಟ್ಟು ಅಲ್ಲಿಗೆ ಬರುತ್ತದೆ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕತೆಗಳನ್ನು ಹೆಣೆದು ಮಾಡಿದ ನಾಟಕ ಇದು. ಓದುವಾಗ ನಮ್ಮಜ್ಜಿಯ ಪಡಸಾಲೆಯಲ್ಲೇ ಕೂತಂತೆ ಆಗುತ್ತದೆ. ಇಲ್ಲಿ ರಾಣಿಗೆ ಪ್ರಶ್ನೆ ಕೇಳುವುದೇ ನಿಷೇಧ. ಹಗಲು ಬೀಗ ಹಾಕಿ ಹೋಗುವ ಗಂಡ, ರಾತ್ರಿ ಗಂಡನ ರೂಪ ತೊಟ್ಟು ಬಂದು ತಲೆ ಸವರುವ ನಾಗ. ಇಬ್ಬರೂ ಅವಳಿಗೆ ಹೇಳುವುದು ಒಂದೇ: ಕೇಳಬೇಡ. ಹಗಲಿಗೊಂದು ಮುಖ, ರಾತ್ರಿಗೊಂದು ಮುಖ ಯಾಕೆ ಎಂದು ಅವಳು ಒಳಗೊಳಗೇ ನವೆಯುತ್ತಾಳೆ. ಪಂಚಾಯ್ತಿ ಎದುರು ಹುತ್ತಕ್ಕೆ ಕೈ ಹಾಕಿ, ಹಾವು ಹಿಡಿದು, ಗಂಡ ಮತ್ತು ಈ ನಾಗನನ್ನು ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳೆ. ಅದು ಪೂರ್ತಿ ನಿಜ! ಅವಳಿಗೇ ಗೊತ್ತಿಲ್ಲದ ನಿಜ. ಊರು ಕಾಲಿಗೆ ಬೀಳುತ್ತದೆ. ಹಿಂದಿನ ದಿನದವರೆಗೆ ಹಾದರಗಿತ್ತಿ, ಈಗ ದೇವಿ. ನಡುವೆ ಬರೀ ಹೆಂಗಸಾಗಿರಲು ಅವಳಿಗೆ ಯಾರೂ ಜಾಗ ಬಿಡಲಿಲ್ಲ.

ಮೂರು 'ತುಘಲಕ್'. ಸುಲ್ತಾನನ ಪಾತ್ರಕ್ಕೆ ಕನ್ನಡದಲ್ಲಿ ಸಿ. ಆರ್. ಸಿಂಹ, ದಿಲ್ಲಿಯ ಪುರಾನಾ ಕಿಲಾದಲ್ಲಿ ನಿರ್ದೇಶಕ ಅಲ್ಕಾಜಿ ಮಾಡಿಸಿದಾಗ ಮನೋಹರ್ ಸಿಂಗ್. ಈ ಹೆಸರುಗಳನ್ನು ನಾನು ಹಿರಿಯರ ಬಾಯಲ್ಲಿ ಕೇಳಿ ಬೆಳೆದೆ. 1964ರಲ್ಲಿ ಬಂದ ಈ ನಾಟಕದಲ್ಲಿ ಜನ ನೆಹರೂ ಕಾಲದ ನಿರಾಸೆಯನ್ನು ಕಂಡರು. ಆಮೇಲಿನವರು ತಮ್ಮ ತಮ್ಮ ಕಾಲದ ದೊರೆಗಳನ್ನು ಕಂಡರು. ರಚನೆಯ ಬಿಗಿ ಲೆಕ್ಕಕ್ಕೆ ಹಿಡಿದರೆ ಇದೇ ಮೊದಲು ಎಂದು ಒಪ್ಪುತ್ತೇನೆ. ನನ್ನ ಜೊತೆ ಉಳಿದದ್ದು ಸುಲ್ತಾನನಲ್ಲ. ದಿಲ್ಲಿಯಿಂದ ದೌಲತಾಬಾದಿಗೆ ಹೋಗುವ ದಾರಿಯಲ್ಲಿ ಒಬ್ಬ ತಾಯಿ ಸಾಯುತ್ತಿರುವ ಮಗುವನ್ನು ಹೊತ್ತು ನಿಂತಿದ್ದಾಳೆ. ವೈದ್ಯರ ಹತ್ತಿರ ಹೋಗಿ ಬರುತ್ತೇನೆ, ಬಿಡಿ ಎನ್ನುತ್ತಾಳೆ. ಬ್ರಾಹ್ಮಣನ ವೇಷದ ಅಗಸ ಅಜೀಜ್ ಬಿಡುವುದಿಲ್ಲ, ದುಡ್ಡು ಕೇಳುತ್ತಾನೆ. ಒಂದೇ ದೃಶ್ಯ. ಆ ಹೆಂಗಸಿಗೆ ಒಂದು ಹೆಸರೂ ಇಲ್ಲ. ಸುಲ್ತಾನನ ಕನಸು, ನ್ಯಾಯ, ಕಾವ್ಯ ಎಲ್ಲದರ ಬೆಲೆಯನ್ನು ನಾನು ಅಲ್ಲಿ ನೋಡಿದೆ.

ಎರಡನೆಯದಕ್ಕೂ ಮೊದಲನೆಯದಕ್ಕೂ ನಡುವೆ ನಾನು ಬಹಳ ಹೊತ್ತು ತೂಗಾಡಿದೆ. 'ತಲೆದಂಡ'. ಮಂದಿರ, ಮಂಡಲ್ ಗದ್ದಲ ಏಳುತ್ತಿದ್ದ ದಿನಗಳಲ್ಲಿ, 1989ರಲ್ಲಿ ಬರೆದದ್ದು. 1994ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೇ ಬಂತು. ನಮ್ಮ ಭಾಗದಲ್ಲಿ ಬಸವಣ್ಣ ಅಂದರೆ ಮನೆಯ ಗೋಡೆಯ ಮೇಲಿನ ಪಟ. ಕಾರ್ನಾಡರು ಅವರನ್ನು ಪಟದಿಂದ ಇಳಿಸಿ ಅಂಜುವ, ಅನುಮಾನಿಸುವ ಮನುಷ್ಯನನ್ನಾಗಿ ಕೂರಿಸಿದರು. ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆ ಗೊತ್ತಾದಾಗ ಶರಣರೆಲ್ಲ ಕುಣಿಯುತ್ತಾರೆ. ಬಸವಣ್ಣನಿಗೆ ಮಾತ್ರ ಎದೆಯಲ್ಲಿ ಅಳುಕು, ಮುಂದಿನದು ಕಾಣುತ್ತಿದೆ. ಬೇಡ ಎನ್ನಲೂ ಆಗುವುದಿಲ್ಲ. ಬೇಡ ಎಂದರೆ ತಾನು ಇಷ್ಟು ದಿನ ಹೇಳಿದ್ದಕ್ಕೆ ಏನು ಅರ್ಥ?

ಆದರೆ ಆ ನಾಟಕದ ಜೀವ ನನಗೆ ಎರಡು ಕಡೆ. ಒಂದು, ಆ ಇಬ್ಬರು ತಾಯಂದಿರು. ಗಂಡಸರು ಹೊಸ ಲೋಕ ಕಟ್ಟುವ ಸಡಗರದಲ್ಲಿದ್ದಾಗ, ಮಗಳು ಆ ಮನೆಯಲ್ಲಿ ದಿನ ಹೇಗೆ ಕಳೆಯುತ್ತಾಳೆ, ಮಗನಿಗೆ ಏನಾದೀತು ಎಂದು ಅಂಜುವವರು ಅವರೇ. ಇನ್ನೊಂದು, ರಾಜ ಬಿಜ್ಜಳ. ಜಾತಿ ಎಂದರೆ ಮೈಮೇಲಿನ ಚರ್ಮ ಇದ್ದಂತೆ, ಸುಲಿದು ಹಾಕಿದರೂ ಹೊಸ ಚರ್ಮ ಬಂದಾಗ ಮತ್ತೆ ಅದೇ ಕ್ಷೌರಿಕ, ಅದೇ ಕುರುಬ ಎಂಬ ಅರ್ಥದ ಮಾತನ್ನು ಹೆಂಡತಿಯ ಎದುರು ಆಡುತ್ತಾನೆ. ಸಿಂಹಾಸನದ ಮೇಲೆ ಕೂತವನು! ಆ ಮಾತು ಓದಿದ ದಿನ ನಾನು ಪುಸ್ತಕ ಮುಚ್ಚಿ ಹಿತ್ತಲಿಗೆ ಹೋಗಿ ಕೂತೆ. ನಮ್ಮ ಮನೆಯಲ್ಲಿ ಯಾರ ಲೋಟ ಎಲ್ಲಿ ಇಡುತ್ತಿದ್ದರು ಅನ್ನುವುದು ನನಗೆ ಗೊತ್ತಿತ್ತು.

ಇನ್ನು ಮೊದಲನೆಯದು, 'ಅಗ್ನಿ ಮತ್ತು ಮಳೆ'. ಮಹಾಭಾರತದ ವನಪರ್ವದ ಯವಕ್ರೀತನ ಕತೆ, ನಾಟಕದಲ್ಲಿ ಅವನು ಯವಕ್ರಿ. ಕಾಲೇಜು ದಿನಗಳಲ್ಲಿ ಓದಿದ್ದನ್ನು ಕಾರ್ನಾಡರು ದಶಕಗಳ ಕಾಲ ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ನಾಟಕ ಮಾಡಿದರು. ಅಮೆರಿಕದ ಗಥ್ರಿ ಥಿಯೇಟರ್ ಕೇಳಿದ್ದಕ್ಕೆ ಬರೆದದ್ದು, ಆದರೆ ಒಳಗೆ ಇರುವುದು ನಮ್ಮ ಬರಗಾಲ. ಹತ್ತು ವರ್ಷದ ಹತ್ತಿರ ಮಳೆಯಿಲ್ಲ. ಏಳು ವರ್ಷದ ಯಜ್ಞ ನಡೆಯುತ್ತಿದೆ, ಪರಾವಸು ಅದರ ಮುಖ್ಯ ಪುರೋಹಿತ. ಅವನ ಎದುರಾಳಿ ಯವಕ್ರಿ ಹತ್ತು ವರ್ಷ ಕಾಡಿನಲ್ಲಿ ತಪಸ್ಸು ಮಾಡಿ ಇಂದ್ರನಿಂದ ಜ್ಞಾನ ಪಡೆದು ಬಂದಿದ್ದಾನೆ. ಊರೆಲ್ಲ ಬೆರಗಾಗಿದೆ. ಆಗ ನಿತ್ತಿಲೆ ಎಂಬ ಬೇಡರ ಹುಡುಗಿ ಒಂದು ಮಾತು ಕೇಳುತ್ತಾಳೆ. ಇಂದ್ರನೇ ಎದುರು ಬಂದಿದ್ದನಲ್ಲ, ಒಂದೆರಡು ಒಳ್ಳೆ ಮಳೆ ಯಾಕೆ ಕೇಳಲಿಲ್ಲ?

ಇದನ್ನು ನಾನು ನಮ್ಮಜ್ಜಿಗೆ ಓದಿ ಹೇಳಿದ್ದೆ. ಅಜ್ಜಿ ನವಲಗುಂದದ ಕಡೆಯವಳು, ಕಪ್ಪು ಎರೆ ಹೊಲದ ಊರು. ಮಳೆ ಬಾರದಿದ್ದರೆ ಹುಡುಗಿಯರು ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸಿ, ತಲೆ ಮೇಲೆ ಹೊತ್ತು ಮನೆ ಮನೆಗೆ ಹೋಗುತ್ತಿದ್ದರಂತೆ. 'ಸುರಿಯೋ ಸುರಿಯೋ ಮಳೆರಾಯ' ಅಂತ ಹಾಡಿದಾಗ ಮನೆಯವರು ಕೊಡದಿಂದ ನೀರು ಸುರಿಯುತ್ತಿದ್ದರು. ನಿತ್ತಿಲೆಯ ಮಾತು ಕೇಳಿ ಅಜ್ಜಿ ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ಅಂದಳು. "ಖರೇ ಕೇಳ್ಯಾಳ ನೋಡು. ಅಷ್ಟು ಕಲ್ತಾಂವಗ ಇಷ್ಟು ತಿಳೀಲಿಲ್ಲಲ್ಲ."

ಮಹಾಭಾರತದಲ್ಲಿ ನಿತ್ತಿಲೆ ಇಲ್ಲ. ಚಿತ್ರಲೇಖೆಯ ಹಾಗೆ ಅವಳೂ ಕಾರ್ನಾಡರ ಮಗಳು. ಆದರೆ ಚಿತ್ರಲೇಖೆಯ ಪ್ರಶ್ನೆ ಅವಳ ಬದುಕಿನದು, ನಿತ್ತಿಲೆಯದು ಎಲ್ಲರ ಬದುಕಿನದು. ಅವಳು ಪ್ರೀತಿಸಿದ ಅರವಸು ಪರಾವಸುವಿನ ತಮ್ಮ, ನಾಟಕದವರ ಜೊತೆ ಕುಣಿಯಲು ಆಸೆಪಡುವ ಬ್ರಾಹ್ಮಣ ಹುಡುಗ. ಅವಳ ಕುಲದ ಹಿರಿಯರ ಮುಂದೆ ಬಂದು ಮದುವೆ ಕೇಳಬೇಕಾದ ದಿನ ಅವನು ತಡ ಮಾಡುತ್ತಾನೆ. ಅವಳನ್ನು ಬೇರೆಯವನಿಗೆ ಕೊಟ್ಟುಬಿಡುತ್ತಾರೆ. ಆಮೇಲೆ ಅಣ್ಣನೇ ತಂದೆಯನ್ನು ಕೊಂದು ಅಪರಾಧವನ್ನು ಅರವಸುವಿನ ಮೇಲೆ ಹೊರಿಸಿದಾಗ, ಹೊಡೆತ ತಿಂದು ಬಿದ್ದವನನ್ನು ನೋಡಿಕೊಳ್ಳಲು ಅವಳು ಗಂಡನ ಮನೆ ಬಿಟ್ಟು ಬರುತ್ತಾಳೆ. ಅದಕ್ಕೆ ಅವಳ ಗಂಡ ಬಲಿಪಶುವಿನಂತೆ ಅವಳ ಕತ್ತು ಕೊಯ್ಯುತ್ತಾನೆ.

ಕೊನೆಯಲ್ಲಿ ಇಂದ್ರ ಅರವಸುವಿಗೆ ವರ ಕೇಳು ಎನ್ನುತ್ತಾನೆ. ಜನ ಮಳೆ ಕೇಳು ಎಂದು ಕೂಗುತ್ತಾರೆ. ಅವನಿಗೆ ಬೇಕಾದದ್ದು ನಿತ್ತಿಲೆ. ಅಷ್ಟರಲ್ಲಿ ಅವನ ಅಪ್ಪ ರೈಭ್ಯ ಯವಕ್ರಿಯನ್ನು ಕೊಲ್ಲಲು ಹುಟ್ಟಿಸಿ ಬಿಟ್ಟ ಬ್ರಹ್ಮರಾಕ್ಷಸ ಬಂದು ಬೇಡುತ್ತದೆ: ನನಗೆ ಮುಕ್ತಿ ಕೊಡಿಸು. ನಿತ್ತಿಲೆ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂದು ಯೋಚಿಸಿ, ಅವಳನ್ನೇ ಬಿಟ್ಟುಕೊಟ್ಟು, ಆ ರಾಕ್ಷಸನಿಗೆ ಮುಕ್ತಿ ಕೇಳುತ್ತಾನೆ. ಆಗ ಮಳೆ ಬರುತ್ತದೆ. ಏಳು ವರ್ಷದ ಯಜ್ಞದ ಬೆಂಕಿಗೆ ತರಲಾಗದ ಮಳೆ. ಅವಳ ಹೆಣ ಹಿಡಿದು ಕೂತ ಹುಡುಗ ಮಳೆ ಬರುತ್ತಿದೆ ಎಂದು ಅವಳಿಗೇ ಹೇಳುತ್ತಾನೆ. ನಾನು ಇದನ್ನು ಮೊದಲು ನೋಡಿದ್ದು ಒಂದು ಸಣ್ಣ ಊರಿನ ಹವ್ಯಾಸಿ ತಂಡದ ಪ್ರದರ್ಶನದಲ್ಲಿ. ಮಳೆಗೆ ಅವರ ಹತ್ತಿರ ಇದ್ದದ್ದು ಒಂದು ತಗಡು ಮತ್ತು ಒಂದು ಹಿಡಿ ಜೋಳ. ಪರದೆಯ ಹಿಂದೆ ಯಾರೋ ಜೋಳವನ್ನು ತಗಡಿನ ಮೇಲೆ ನಿಧಾನಕ್ಕೆ ಸುರಿದರು. ಅಷ್ಟಕ್ಕೇ ನಮ್ಮ ಸಾಲಿನಲ್ಲಿ ಎಲ್ಲರೂ ಅಳುತ್ತಿದ್ದರು.

'ಹಿಟ್ಟಿನ ಹುಂಜ'ವನ್ನು ಎಲ್ಲೂ ಇಡಲಿಲ್ಲ, ಮರೆತಿಲ್ಲ. ಜನ್ನನ 'ಯಶೋಧರ ಚರಿತೆ'ಯಿಂದ ಬಂದ ಆ ರಾಣಿ, ಆ ಮಾವುತ, ಕೂಗಿಬಿಡುವ ಆ ಹಿಟ್ಟಿನ ಹುಂಜ ನನ್ನನ್ನು ಓದಿನಲ್ಲೇ ಬಹಳ ಕಾಡಿವೆ. ಆದರೆ ರಂಗದ ಮೇಲೆ ಇನ್ನೂ ನೋಡಿಲ್ಲ, ನೋಡದೆ ಜಾಗ ಕೊಡಲು ಮನಸ್ಸಿಲ್ಲ. ಎಲ್ಲಾದರೂ ಯಾರಾದರೂ ಆಡಿಸುತ್ತಿದ್ದರೆ ದಯವಿಟ್ಟು ತಿಳಿಸಿ. ತಂಗಿಯ ಮಗಳನ್ನೂ ಕರಕೊಂಡು ಬರುತ್ತೇನೆ.