ಕೆಲಸಗಾರರ ಆರೋಗ್ಯವನ್ನು ಅವರ ಮನೆಗೇ ಹೋಗಿ ಕೇಳಬೇಕು

ಯಾವ ದೇಶದಲ್ಲಿ ದುಡಿಯುವವರು ಸುರಕ್ಷಿತವಾಗಿದ್ದಾರೆ ಅಂತ ತಿಳಿಯಬೇಕಾದರೆ ಎಲ್ಲರೂ ಮೊದಲು ಹುಡುಕುವುದು ಅಪಘಾತಗಳ ಲೆಕ್ಕವನ್ನು. ಆ ಲೆಕ್ಕ ಹಿಡಿದುಕೊಂಡು ದೇಶಗಳನ್ನು ಹೋಲಿಸುವುದು ತಪ್ಪು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಯುರೋಪನ್ನೇ ನೋಡಿ. ರೊಮೇನಿಯಾ, ಬಲ್ಗೇರಿಯಾಗಳಲ್ಲಿ ಕೆಲಸದ ಜಾಗದಲ್ಲಿ ಸಾಯುವವರ ಪ್ರಮಾಣ ಯುರೋಪಿನ ಸರಾಸರಿಗಿಂತ ಜಾಸ್ತಿ. ಆದರೆ ಪೆಟ್ಟಾಗಿ ಬದುಕಿ ಉಳಿದವರ ಪ್ರಮಾಣ ಅಲ್ಲಿ ತೀರಾ ಕಡಿಮೆ. ಫ್ರಾನ್ಸ್, ಸ್ಪೇನ್‌ಗಳಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು. ಹಾಗಂತ ಫ್ರಾನ್ಸಿನ ಕಾರ್ಖಾನೆಗಳು ಹೆಚ್ಚು ಅಪಾಯಕಾರಿ ಅಂತ ಯಾರಾದರೂ ಹೇಳುತ್ತಾರಾ? ಹೆಣವನ್ನು ಮುಚ್ಚಿಡುವುದು ಕಷ್ಟ, ಮುರಿದ ಬೆರಳನ್ನು ಮುಚ್ಚಿಡುವುದು ಸುಲಭ. ಪೆಟ್ಟಾದದ್ದನ್ನು ಬರೆಸಿದರೆ ಪರಿಹಾರ ಸಿಗುತ್ತೆ ಅಂತ ಗೊತ್ತಿರುವ ಕಡೆ ಜನ ಬರೆಸುತ್ತಾರೆ. ಬರೆಸಿದರೆ ಕೆಲಸ ಹೋಗುತ್ತೆ ಅನ್ನುವ ಕಡೆ ಸುಮ್ನೆ ಪಟ್ಟಿ ಕಟ್ಟಿಕೊಂಡು ಮರುದಿನ ಕೆಲಸಕ್ಕೆ ಬರುತ್ತಾರೆ. ಅಂಕಿ ಚಿಕ್ಕದಾಗಿದ್ದಷ್ಟೂ ನನಗೆ ಅನುಮಾನ ಜಾಸ್ತಿ.

ಇದಕ್ಕೆ ಇರುವ ದಾರಿ ಒಂದೇ. ದುಡಿಯುವವರನ್ನೇ ಕೇಳುವುದು, ಅದೂ ಮಾಲೀಕರ ಕಣ್ಣಿಗೆ ಬೀಳದ ಜಾಗದಲ್ಲಿ ಕೇಳುವುದು. ಡಬ್ಲಿನ್‌ನಲ್ಲಿರುವ, ಐರೋಪ್ಯ ಒಕ್ಕೂಟದ ಯೂರೋಫೌಂಡ್ ಸಂಸ್ಥೆ 1990ರ ದಶಕದ ಆರಂಭದಿಂದ ಈ ಕೆಲಸ ಮಾಡುತ್ತಿದೆ. 2015ರ ಸುತ್ತಿನಲ್ಲಿ 35 ದೇಶಗಳ ಸುಮಾರು 44,000 ಜನರನ್ನು ಮುಖಾಮುಖಿ ಮಾತಾಡಿಸಿದರು. ಕೊರೊನಾ ಕಾಲದಲ್ಲಿ, 2021ರಲ್ಲಿ, ಫೋನ್ ಮೂಲಕವೇ 70,000ಕ್ಕಿಂತ ಹೆಚ್ಚು ಜನರನ್ನು ಕೇಳಿದರು.

ಅವರ ಪ್ರಶ್ನೆಗಳನ್ನು ಓದಿದರೆ ಖುಷಿಯಾಗುತ್ತೆ. 'ನಿಮ್ಮ ಕೆಲಸದ ಜಾಗದಲ್ಲಿ ಶಬ್ದ ಎಷ್ಟು ಡೆಸಿಬಲ್' ಅಂತ ಕೇಳಿದರೆ ಯಾರಿಗೆ ಗೊತ್ತಿರುತ್ತೆ? ಅವರು ಕೇಳುವುದು ಹೀಗೆ: ಪಕ್ಕದವರ ಜೊತೆ ಮಾತಾಡಬೇಕಾದರೆ ದನಿ ಏರಿಸಬೇಕಾಗುವಷ್ಟು ಗದ್ದಲ ಇರುತ್ತಾ? ಯಾವಾಗಲೂ ಇರುತ್ತಾ, ಅರ್ಧ ಹೊತ್ತಾ, ಕಾಲು ಭಾಗವಾ, ಇಲ್ಲವೇ ಇಲ್ಲವಾ? ಭಾರ ಎತ್ತುವುದು, ಮೈ ನೋಯುವ ಭಂಗಿಯಲ್ಲಿ ನಿಂತು ಕೂತು ಮಾಡುವುದು, ಕೈಯಲ್ಲಿ ಹಿಡಿದ ಯಂತ್ರದ ನಡುಕ, ಎಲ್ಲಕ್ಕೂ ಇದೇ ರೀತಿ. ಓದು ಬರಹ ಬಾರದವರೂ ಉತ್ತರಿಸಬಹುದು. ಭಾಷೆ ಬದಲಾದರೂ ಗದ್ದಲ ಗದ್ದಲವೇ ಅಲ್ವಾ? ಹಾಗಾಗಿ ಇಂಥ ಉತ್ತರಗಳನ್ನು ಒಂದು ದೇಶದ ಪಕ್ಕ ಇನ್ನೊಂದು ದೇಶದ್ದು ಇಟ್ಟು ನೋಡಬಹುದು.

ತೊಡಕಾಗುವುದು 'ನಿಮ್ಮ ಆರೋಗ್ಯ ಹೇಗಿದೆ' ಅನ್ನುವ ಪ್ರಶ್ನೆಯಲ್ಲಿ. ಜಪಾನ್, ದಕ್ಷಿಣ ಕೊರಿಯಾದವರ ಆಯಸ್ಸು ಜಗತ್ತಿನಲ್ಲೇ ಅತಿ ಹೆಚ್ಚಿನ ಸಾಲಿನಲ್ಲಿದೆ. ಆದರೂ ಅಲ್ಲಿ 'ನನ್ನ ಆರೋಗ್ಯ ಚೆನ್ನಾಗಿದೆ' ಅನ್ನುವವರು ಕಡಿಮೆ. ಅಮೆರಿಕದಲ್ಲಿ ಆಯಸ್ಸು ಅವರಿಗಿಂತ ಕಡಿಮೆ, ಚೆನ್ನಾಗಿದ್ದೇನೆ ಅನ್ನುವವರು ಮಾತ್ರ ಬಹಳ. ತಮ್ಮ ಮೈಯ ಬಗ್ಗೆ ಹೇಗೆ ಮಾತಾಡಬೇಕು ಅನ್ನುವುದನ್ನು ಪ್ರತಿ ಸಮಾಜವೂ ತನ್ನ ಜನಕ್ಕೆ ಬೇರೆ ಬೇರೆಯಾಗಿ ಕಲಿಸಿರುತ್ತೆ. ಈ ಉತ್ತರವನ್ನು ಎರಡು ದೇಶಗಳ ನಡುವೆ ತೂಗುವ ಬದಲು ಒಂದೇ ದೇಶದೊಳಗೆ ತೂಗಬೇಕು. ಕಾಯಂ ಕೆಲಸದವರು ಏನು ಹೇಳುತ್ತಾರೆ, ದಿನಗೂಲಿಯವರು ಏನು ಹೇಳುತ್ತಾರೆ? ಆ ಅಂತರ ಯಾವ ದೇಶದಲ್ಲಿ ಎಷ್ಟಿದೆ ಅಂತ ನೋಡಿದರೆ ನಿಜ ಗೊತ್ತಾಗುತ್ತೆ.

ಇಂಥ ಸಮೀಕ್ಷೆಗಳಿಂದ ಏನು ಉಪಯೋಗ ಅಂತ ಕೇಳುವವರಿಗೆ ಒಂದು ಉದಾಹರಣೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 154 ದೇಶಗಳ 2,300ಕ್ಕೂ ಹೆಚ್ಚು ಸಮೀಕ್ಷೆಗಳನ್ನು ಒಟ್ಟು ಹಾಕಿ, ಯಾರು ಎಷ್ಟು ಗಂಟೆ ದುಡಿಯುತ್ತಾರೆ ಅಂತ ಲೆಕ್ಕ ಮಾಡಿದವು. 2021ರಲ್ಲಿ ಫಲಿತಾಂಶ ಬಂತು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿದದ್ದರಿಂದ, 2016ರ ಒಂದೇ ವರ್ಷದಲ್ಲಿ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಸುಮಾರು 7,45,000 ಜನ ಬಲಿಯಾಗಿದ್ದರು. ಇವರಲ್ಲಿ ಹೆಚ್ಚಿನವರ ಹೆಸರು ಯಾವ ಕಾರ್ಖಾನೆಯ ಅಪಘಾತದ ಪುಸ್ತಕದಲ್ಲೂ ಇರುವುದಿಲ್ಲ. ಎಲ್ಲೋ ಮನೆಯಲ್ಲಿ, ರಸ್ತೆಯಲ್ಲಿ, ಎಷ್ಟೋ ಮಂದಿ ಕೆಲಸ ಬಿಟ್ಟು ವರ್ಷಗಳಾದ ಮೇಲೆ ಸತ್ತವರು. 'ವಾರಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ' ಅಂತ ಯಾರೋ ಕೇಳಿ ಬರೆದುಕೊಂಡಿದ್ದರಿಂದ ಇದು ಬೆಳಕಿಗೆ ಬಂತು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಮಧ್ಯ ಅಮೆರಿಕದ ಸಮೀಕ್ಷೆ. 2011ರಲ್ಲಿ ಗ್ವಾಟೆಮಾಲಾ, ಹೊಂಡುರಾಸ್, ಎಲ್ ಸಾಲ್ವಡಾರ್, ನಿಕರಾಗುವಾ, ಕೋಸ್ಟರೀಕಾ, ಪನಾಮಾ ಈ ಆರೂ ದೇಶಗಳಲ್ಲಿ ಒಂದೇ ಪ್ರಶ್ನಾವಳಿ ಹಿಡಿದು ಮನೆ ಮನೆಗೆ ಹೋದರು. ದೇಶಕ್ಕೆ ಸುಮಾರು 2,000 ಜನ, ಒಟ್ಟು ಸುಮಾರು 12,000. ಹಣವಿಲ್ಲದ ದೇಶಗಳಿಗೆ ಇದು ಸಣ್ಣ ಕೆಲಸವಲ್ಲ. ಮನೆಗೆ ಹೋಗಿದ್ದರಿಂದಲೇ ಬೀದಿ ವ್ಯಾಪಾರಿಗಳು, ಮನೆಗೆಲಸದವರು, ಸ್ವಂತ ತುಂಡು ಭೂಮಿಯಲ್ಲಿ ದುಡಿಯುವವರು ಎಲ್ಲರೂ ಲೆಕ್ಕಕ್ಕೆ ಸಿಕ್ಕಿದರು. ಸಾಮಾಜಿಕ ಭದ್ರತೆ ಇಲ್ಲದ ಕೆಲಸದಲ್ಲಿರುವವರ ಆರೋಗ್ಯ ಉಳಿದವರಿಗಿಂತ ಕೆಟ್ಟದಾಗಿದೆ ಅನ್ನುವುದು ಕಂಡಿತು. ಜಗತ್ತಿನಲ್ಲಿ ದುಡಿಯುವವರ ಪೈಕಿ ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 200 ಕೋಟಿ ಜನ, ಅಸಂಘಟಿತರು. ಅವರಲ್ಲಿ ಎಷ್ಟೋ ಜನಕ್ಕೆ ಮಾಲೀಕರೇ ಇಲ್ಲ. ಮಾಲೀಕರ ಬಳಿ ಹೋಗಿ ಲೆಕ್ಕ ಕೇಳಿದರೆ ಅವರು ಎಲ್ಲಿ ಸಿಗುತ್ತಾರೆ?

ಇಷ್ಟೆಲ್ಲ ಹೊಗಳಿದ ಮೇಲೂ ಈ ಸಮೀಕ್ಷೆಗಳ ಮೇಲೆ ನನಗೆ ಒಂದು ದೊಡ್ಡ ತಕರಾರಿದೆ. ಅದೇ ಮಧ್ಯ ಅಮೆರಿಕದ ಪೆಸಿಫಿಕ್ ಕರಾವಳಿಯ ಕಬ್ಬಿನ ಗದ್ದೆಗಳಲ್ಲಿ ಹರೆಯದ ಗಂಡಸರ ಕಿಡ್ನಿ ಹಾಳಾಗುತ್ತಿದೆ. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡವೂ ಇರಲಿಲ್ಲ. ಸುಡುವ ಬಿಸಿಲಿನಲ್ಲಿ ಬಿಡುವಿಲ್ಲದೆ ಕಬ್ಬು ಕಡಿಯುವುದಕ್ಕೂ ಇದಕ್ಕೂ ಸಂಬಂಧವಿದೆ ಅನ್ನುವುದಕ್ಕೆ ಗಟ್ಟಿ ಪುರಾವೆಗಳು ಬಂದಿವೆ. ನೀರು, ನೆರಳು, ವಿಶ್ರಾಂತಿ ಸರಿಯಾಗಿ ಕೊಟ್ಟ ಕಡೆ ಕಿಡ್ನಿಗೆ ಆಗುವ ಪೆಟ್ಟು ಕಡಿಮೆಯಾದದ್ದೂ ಕಂಡಿದೆ. ಈಗ ಕೆಲವು ಸಕ್ಕರೆ ಕಾರ್ಖಾನೆಗಳು ಏನು ಮಾಡುತ್ತವೆ ನೋಡಿ. ಕಟಾವಿಗೆ ಮೊದಲೇ ರಕ್ತ ಪರೀಕ್ಷೆ ಮಾಡಿಸುತ್ತವೆ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಜಾಸ್ತಿ ಇದ್ದವರಿಗೆ ಕೆಲಸ ಕೊಡುವುದಿಲ್ಲ. ಕಾರ್ಖಾನೆಯ ಪುಸ್ತಕದಲ್ಲಿ ಉಳಿದವರೆಲ್ಲ ಗಟ್ಟಿಮುಟ್ಟು! ಹೊರಗೆ ಬಿದ್ದವರು ಬೇರೆ ಗುತ್ತಿಗೆದಾರರ ಕೈಕೆಳಗೆ ಅದೇ ಕಬ್ಬು ಕಡಿಯಲು ಹೋಗುತ್ತಾರೆ. ಇಲ್ಲವಾದರೆ ಮನೆಯಲ್ಲಿ ಮಲಗುತ್ತಾರೆ.

ಮನೆಯಲ್ಲಿ ಮಲಗಿದವರು ಮನೆ ಮನೆ ಸಮೀಕ್ಷೆಗೂ ಸಿಗುವುದಿಲ್ಲ. ಯಾಕೆಂದರೆ ಹಿಂದಿನ ವಾರ ಒಂದು ಗಂಟೆಯಾದರೂ ದುಡಿದವರನ್ನು, ಇಲ್ಲವೇ ಕೆಲಸವಿದ್ದೂ ಸ್ವಲ್ಪ ದಿನದ ಮಟ್ಟಿಗೆ ರಜೆಯಲ್ಲಿದ್ದವರನ್ನು ಮಾತ್ರ ಕೆಲಸದಲ್ಲಿರುವವರು ಅಂತ ಎಣಿಸುವುದು ಅಂತಾರಾಷ್ಟ್ರೀಯ ಪದ್ಧತಿ. ಪ್ರಶ್ನೆ ಕೇಳುವವರು ಬಾಗಿಲಿಗೆ ಬಂದು 'ಈ ಮನೆಯಲ್ಲಿ ಕೆಲಸಕ್ಕೆ ಹೋಗುವವರು ಯಾರು' ಅಂದರೆ ಆತನ ತಮ್ಮನೋ ಹೆಂಡತಿಯೋ ಮುಂದೆ ಬರುತ್ತಾರೆ. ಕೆಲಸದಿಂದಲೇ ಆರೋಗ್ಯ ಕಳೆದುಕೊಂಡ ಮನುಷ್ಯನನ್ನು ಯಾರೂ ಮಾತಾಡಿಸುವುದಿಲ್ಲ. ಕೆಲಸ ಎಷ್ಟು ಕೆಟ್ಟದೋ, ಕಾಯಿಲೆಯವರನ್ನು ಅದು ಅಷ್ಟು ಬೇಗ ಹೊರಗೆ ಹಾಕುತ್ತೆ. ಹಾಗಾಗಿ ಅತಿ ಕೆಟ್ಟ ಕೆಲಸಗಳು ಅಂಕಿಗಳಲ್ಲಿ ಇರುವುದಕ್ಕಿಂತ ಚೆನ್ನಾಗಿ ಕಾಣಿಸುತ್ತವೆ. ಇದು ನನಗೆ ತುಂಬಾ ಸಂಕಟದ ವಿಷಯ.

ಇದನ್ನು ಸರಿ ಮಾಡುವುದು ಕಷ್ಟವೇನಲ್ಲ. ಹೇಗೂ ಮನೆ ಬಾಗಿಲಿಗೆ ಬಂದಾಗಿದೆ. ಈ ಮನೆಯಲ್ಲಿ ಕಾಯಿಲೆಯಿಂದ ಅಥವಾ ಪೆಟ್ಟಿನಿಂದ ಕೆಲಸ ಬಿಟ್ಟವರು ಇದ್ದಾರಾ, ಅವರು ಏನು ಕೆಲಸ ಮಾಡುತ್ತಿದ್ದರು, ಎಷ್ಟು ವರ್ಷ ಮಾಡಿದರು ಅಂತ ಮೂರು ಪ್ರಶ್ನೆ ಸೇರಿಸಿದರೆ ಆಯಿತು. ಸುರಕ್ಷಿತವಾದ, ಆರೋಗ್ಯಕರವಾದ ಕೆಲಸದ ವಾತಾವರಣ ಮೂಲಭೂತ ಹಕ್ಕು ಅಂತ 2022ರ ಜೂನ್‌ನಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನ ಒಪ್ಪಿಕೊಂಡಿದೆ. ಸಂಸ್ಥೆಯ ಎಲ್ಲ ಸದಸ್ಯ ದೇಶಗಳೂ ಅದಕ್ಕೆ ಬದ್ಧ. ಆ ದೇಶಗಳ ಮುಂದಿನ ಸುತ್ತಿನ ಪ್ರಶ್ನಾವಳಿಯಲ್ಲಿ ಈ ಮೂರು ಪ್ರಶ್ನೆಗಳು ಇರಲೇಬೇಕು.