ಸ್ಪಷ್ಟನೆ: ಹೋಸ್ಟ್ ಬದಲಾದರೆ ಫೀಚರ್ ಮಾತುಕತೆ ಮತ್ತೆ ನಡೆಯಲ್ಲ

ಓಡುತ್ತಿರುವ ವಿಎಂ (ವರ್ಚುವಲ್ ಮೆಷಿನ್) ಅನ್ನು ಬೇರೆ ಹೋಸ್ಟ್‌ಗೆ, ಅಂದರೆ ವಿಎಂ ಓಡಿಸುವ ಬೇರೆ ಕಂಪ್ಯೂಟರ್‌ಗೆ ಸಾಗಿಸಿದರೆ (ಮೈಗ್ರೇಷನ್) ಅದರ ವರ್ಟಿಯೋ ನೆಟ್‌ವರ್ಕ್ ಕಾರ್ಡ್ (ವಿಎಂಗಳಿಗೆಂದೇ ರೂಪಿಸಿದ ವರ್ಚುವಲ್ ಕಾರ್ಡ್) ಅಲ್ಲಿ ಹೊಸದಾಗಿ ಫೀಚರ್ ಒಪ್ಪಂದ, ಅಂದರೆ ಯಾವ್ಯಾವ ಸೌಲಭ್ಯ ಬಳಸಬೇಕು ಅನ್ನೋ ಒಪ್ಪಂದ ಮಾಡಿಕೊಳ್ಳುತ್ತೆ ಅನ್ನೋ ಮಾತು ಓಡಾಡುತ್ತಿದೆ. ಅದು ತಪ್ಪು.

ಒಪ್ಪಂದ ಆಗೋದು ವಿಎಂ ಒಳಗಿನ ಡ್ರೈವರ್ (ಆ ಕಾರ್ಡ್ ನಡೆಸುವ ಸಾಫ್ಟ್‌ವೇರ್) ಶುರುವಾಗುವಾಗ. ಡಿವೈಸ್, ಅಂದರೆ ಆ ಕಾರ್ಡ್, ತನ್ನ ಫೀಚರ್ ಬಿಟ್‌ಗಳನ್ನು (ಒಂದೊಂದು ಸೌಲಭ್ಯಕ್ಕೆ ಒಂದೊಂದು ಗುರುತು) ಮುಂದಿಡುತ್ತದೆ. ಡ್ರೈವರ್ ತನಗೆ ಗೊತ್ತಿರುವಷ್ಟನ್ನು ಆರಿಸಿಕೊಂಡು 'ಫೀಚರ್ಸ್ ಓಕೆ' ಬಿಟ್ ಹಾಕುತ್ತದೆ. ಆಮೇಲೆ ರೀಸೆಟ್ ಆಗುವವರೆಗೂ ಅದೇ ಗಟ್ಟಿ. ಹೋಸ್ಟ್ ಬದಲಾಗಿದ್ದೇ ಡ್ರೈವರ್‌ಗೆ ಗೊತ್ತಿರಲ್ಲ, ಇನ್ನು ಮಾತುಕತೆ ಎಲ್ಲಿಂದ ಬರಬೇಕು?

ಉದಾಹರಣೆಗೆ ಯುಎಸ್ಒ (ಯುಡಿಪಿ ಸೆಗ್ಮೆಂಟೇಷನ್ ಆಫ್‌ಲೋಡ್) ನೋಡಿ. ದೊಡ್ಡ ಯುಡಿಪಿ ಪ್ಯಾಕೆಟ್ ತುಂಡು ಮಾಡುವ ಕೆಲಸವನ್ನು ಹೋಸ್ಟ್‌ಗೆ ಬಿಡುವ ಫೀಚರ್ ಇದು. ವಿಎಂ ಅನ್ನು ನೆಟ್‌ವರ್ಕ್‌ಗೆ ಜೋಡಿಸುವ ಹೋಸ್ಟ್‌ನ ಟ್ಯಾಪ್ ಡಿವೈಸ್‌ಗೆ ಇದು ಬಂದಿದ್ದು ಲಿನಕ್ಸ್ 6.2ರಲ್ಲಿ. ಇದನ್ನು ಒಪ್ಪಿಕೊಂಡ ವಿಎಂ ಹಳೆ ಕರ್ನಲ್‌ನ ಹೋಸ್ಟ್‌ಗೆ ಹೊರಟರೆ, ಆ ಬಿಟ್ ಅಲ್ಲಿಲ್ಲ ಅಂತ ಮೈಗ್ರೇಷನ್ನೇ ಬಿದ್ದುಹೋಗುತ್ತದೆ. ಎರಡೂ ಕಡೆ ಕ್ಯೂಎಮು (ವಿಎಂ ಓಡಿಸುವ ಸಾಫ್ಟ್‌ವೇರ್) ಒಂದೇ ಆವೃತ್ತಿ ಇದ್ದರೂ ಅಷ್ಟೇ. ಹಾಗಾಗಿ ಹಳೆ, ಹೊಸ ಹೋಸ್ಟ್‌ಗಳು ಬೆರೆತಿದ್ದರೆ, ವಿಎಂ ಶುರುಮಾಡುವಾಗಲೇ ಯುಎಸ್ಒ ಆಫ್ ಮಾಡಿ.