ತೂಕದ ಮೇಲೆ ಹಾಕಿದ ಕೊಸರು

ಡಿಸೆಂಬರ್ ಬಂತು ಅಂದರೆ ಹೊರದೇಶದ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. "ಜನವರಿ ಒಂದು ನಮ್ಮ ಹೊಸ ವರ್ಷ ಅಲ್ಲ, ನಮ್ಮದು ಯುಗಾದಿ." ಅದರ ಹಿಂದೆಯೇ ಇನ್ನೊಂದು. "ಅನ್ನ ಕೊಟ್ಟ ದೇಶ ಇದು, ಋಣ ಮರೆಯಬಾರದು." ಹತ್ತು ವರ್ಷದಿಂದ ಎರಡನ್ನೂ ಓದಿ ಸುಮ್ಮನಿದ್ದೆ. ಈ ವರ್ಷ ನಮ್ಮ ಮನೆಗೆ ಸುಲಭದ ವರ್ಷ ಆಗಿರಲಿಲ್ಲ. ಯಾರು ಯಾರಿಗೆ ಏನು ಕೊಟ್ಟರು ಅಂತ ಕೂತು ಯೋಚಿಸುವ ಹಾಗಾಯಿತು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ನಾನು ಜರ್ಮನಿಯ ಎಸ್ಲಿಂಗನ್‌ಗೆ ಬಂದದ್ದು 2015ರ ನವೆಂಬರ್ ಕೊನೆಯಲ್ಲಿ. ಸ್ಟುಟ್‌ಗಾರ್ಟ್ ಪಕ್ಕದ, ನೆಕರ್ ನದಿ ದಡದ ಹಳೇ ಊರು. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಡಿಸೆಂಬರ್ ಮಧ್ಯದಲ್ಲಿ ಮಾವನವರಿಗೆ ಹುಷಾರಿಲ್ಲ ಅಂತ ಫೋನ್ ಬಂತು. ನಮ್ಮ ಯಜಮಾನರು ಮೊದಲು ಸಿಕ್ಕ ವಿಮಾನ ಹತ್ತಿ ಹಾಸನಕ್ಕೆ ಹೋದರು. ನನ್ನ ವಾಸದ ಕಾರ್ಡ್ ಇನ್ನೂ ಕೈಗೆ ಬಂದಿರಲಿಲ್ಲ. ನಾನು ಇಲ್ಲೇ ಉಳಿದೆ.

ಆ ವರ್ಷ ಡಿಸೆಂಬರ್ 24 ಗುರುವಾರ. ಆ ದಿನ ಮಧ್ಯಾಹ್ನ ಎರಡಕ್ಕೆಲ್ಲ ಇಲ್ಲಿ ಅಂಗಡಿ ಬಾಗಿಲು ಹಾಕುತ್ತಾರೆ. 25, 26 ಎರಡೂ ರಜೆ. 27 ಭಾನುವಾರ, ಭಾನುವಾರ ಇಲ್ಲಿ ಅಂಗಡಿ ತೆಗೆಯುವುದಿಲ್ಲ. ಒಟ್ಟು ಮೂರೂವರೆ ದಿನ. ನನಗೆ ಯಾರೂ ಹೇಳಿರಲಿಲ್ಲ. ನಾಲ್ಕು ಗಂಟೆಗೆ ಹಾಲು ತರೋಣ ಅಂತ ಕೆಳಗಿಳಿದೆ. ಆಗಲೇ ಕತ್ತಲು ಕವಿಯುತ್ತಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಕೆಲವೇ ದಿನದ ಹಿಂದೆ ಕ್ರಿಸ್‌ಮಸ್ ಸಂತೆಯಲ್ಲಿ ಕಾಲಿಡಲು ಜಾಗ ಇರದ ಊರು ಅದು. ಮನೆಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ಉಪವಾಸ ಏನೂ ಬೀಳುತ್ತಿರಲಿಲ್ಲ. ಆದರೆ ಎಲ್ಲ ಕಿಟಕಿಗಳಲ್ಲೂ ದೀಪ, ಎಲ್ಲ ಮನೆಯಲ್ಲೂ ಜನ, ನಾನೊಬ್ಬಳು ಬೀದಿಯಲ್ಲಿ. ಹಬ್ಬದ ದಿನ ಹೊರಗಿನವರಾಗಿರುವುದು ಏನು ಅಂತ ಆವತ್ತು ತಿಳಿಯಿತು. ಊರಲ್ಲಿದ್ದಾಗ, ಗೌರಿ ಹಬ್ಬದ ದಿನ ನಮ್ಮ ಬೀದಿಯಲ್ಲಿ ಅಂಥವರು ಯಾರಾದರೂ ಇದ್ದರಾ ಅಂತ ನಾನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಸಂಜೆ ಬಾಗಿಲು ತಟ್ಟಿದ ಸದ್ದು. ಕೆಳಗಿನ ಮನೆಯ ಅಜ್ಜಿ. ಒಂದು ಕೈಯಲ್ಲಿ ಆಲೂಗಡ್ಡೆ ಸಲಾಡಿನ ಬಟ್ಟಲು, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ತಟ್ಟೆ. ಈ ಸೀಮೆಯವರು ಕ್ರಿಸ್‌ಮಸ್ ಬಿಸ್ಕತ್ತಿಗೆ ಗುಟ್ಸ್‌ಲೆ ಅನ್ನುತ್ತಾರೆ. ನನಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಅವರು ನನ್ನ ಹೊಸ್ತಿಲ ಕಡೆ ಬೆರಳು ತೋರಿಸಿ ನಕ್ಕರು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕಡೆ ಕೇರ್‌ವೋಖೆ ಅಂತ ಪದ್ಧತಿ ಇದೆ. ವಾರಕ್ಕೊಂದು ಮನೆಯವರಂತೆ ಮೆಟ್ಟಿಲು, ಅಂಗಳ ಗುಡಿಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ಧನುರ್ಮಾಸ ಶುರುವಾದಾಗಿನಿಂದ ನಾನು ಹೊಸ್ತಿಲ ಹೊರಗೆ ಅಕ್ಕಿಹಿಟ್ಟಿನಲ್ಲಿ ಚಿಕ್ಕ ರಂಗೋಲಿ ಹಾಕುತ್ತಿದ್ದೆ. ಆ ವಾರದ ಸರದಿ ಅಜ್ಜಿಯದು. ಮೂರು ಮಹಡಿಯ ಮೆಟ್ಟಿಲನ್ನೂ ಗುಡಿಸಿದ್ದರು. ನನ್ನ ರಂಗೋಲಿಯ ಸುತ್ತ ಮಾತ್ರ ಪೊರಕೆ ಬಳಸಿಕೊಂಡು ಹೋಗಿತ್ತು.

ಖಾಲಿ ತಟ್ಟೆ ವಾಪಸ್ ಕೊಡಬಾರದು. ನಮ್ಮ ಅಮ್ಮ ಪಕ್ಕದ ಮನೆಗೆ ಪಾತ್ರೆ ಹಿಂದಿರುಗಿಸುವಾಗ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕುತ್ತಿದ್ದರು. ಮರುದಿನ ಬೆಳಗ್ಗೆ ಹುಗ್ಗಿ ಮಾಡಿದೆ. ಧನುರ್ಮಾಸದ ಪೂಜೆ ಆಕಾಶದಲ್ಲಿ ನಕ್ಷತ್ರ ಇರುವಾಗಲೇ ಆಗಬೇಕು ಅಲ್ವಾ? ಊರಲ್ಲಿ ಅದಕ್ಕೆ ನಾಲ್ಕೂವರೆಗೆ ಏಳಬೇಕಿತ್ತು. ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಎಂಟೂಕಾಲಕ್ಕೆ. ಏಳಕ್ಕೂ ನಕ್ಷತ್ರ ಹೊಳೆಯುತ್ತಿರುತ್ತವೆ. ಈ ಕತ್ತಲನ್ನು ಎಲ್ಲರೂ ಬೈಯುತ್ತಾರೆ. ನನಗೆ ಅದು ಧನುರ್ಮಾಸಕ್ಕೆ ಅಂತಲೇ ಸಿಕ್ಕಿದ ಹಾಗೆ ಕಂಡಿತು.

ಸಿಹಿ ಹುಗ್ಗಿಯ ಮುಚ್ಚಳ ತೆಗೆದ ತಕ್ಷಣ ಅಜ್ಜಿ ಮೂಗರಳಿಸಿ ಒಳಗೆ ಹೋದರು. ಒಂದು ಡಬ್ಬ ತಂದು ನನ್ನ ಮೂಗಿನ ಹತ್ತಿರ ಹಿಡಿದರು. ಏಲಕ್ಕಿ. ಲೆಬ್‌ಕೂಖನ್ ಅನ್ನುವ ಕ್ರಿಸ್‌ಮಸ್ ತಿನಿಸಿನ ಮಸಾಲೆ. ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಏಲಕ್ಕಿ. ನಾನು ಸಕಲೇಶಪುರ ಕಡೆಯವಳು. ಏಲಕ್ಕಿ ಮಲೆಯಲ್ಲಿ ಆಡಿ ಬೆಳೆದವಳು. ಜರ್ಮನಿಯ ಹಬ್ಬಕ್ಕೆ ನಮ್ಮ ಮನೆಯ ವಾಸನೆ ಇದೆ ಅಂತ ಗೊತ್ತೇ ಇರಲಿಲ್ಲ. ಆವತ್ತಿನಿಂದ ಪ್ರತಿ ವರ್ಷ ಅಮ್ಮ ಎಳ್ಳಿನ ಜೊತೆ ಒಂದು ಪೊಟ್ಟಣ ಹಸಿರು ಏಲಕ್ಕಿಯನ್ನು ಕಳಿಸುತ್ತಾರೆ. ಪೊಟ್ಟಣದ ಮೇಲೆ "ಅಜ್ಜಿಗೆ" ಅಂತ ಬರೆದಿರುತ್ತಾರೆ.

ಅಜ್ಜಿ ತಮ್ಮ ಕಥೆ ಹೇಳಿದ್ದು ಎರಡು ವರ್ಷ ಕಳೆದು, ನನ್ನ ಜರ್ಮನ್ ಒಂದು ಮಟ್ಟಕ್ಕೆ ಬಂದ ಮೇಲೆ. ಅವರೂ ಇಲ್ಲಿಯವರಲ್ಲ. ಈಗ ಚೆಕ್ ದೇಶದಲ್ಲಿರುವ ಬೊಹೀಮಿಯಾದಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದ ಕೊನೆಗೆ ಮತ್ತು ಆಮೇಲೆ ಪೂರ್ವ ಯುರೋಪಿನಿಂದ ಸುಮಾರು 1 ಕೋಟಿ 20 ಲಕ್ಷ ಜರ್ಮನ್ನರು ಓಡಿಬಂದರು, ಇಲ್ಲವೇ ಓಡಿಸಲ್ಪಟ್ಟರು. 1946ರಲ್ಲಿ ಆರು ವರ್ಷದ ಹುಡುಗಿಯಾಗಿ ಅಜ್ಜಿ ಗೂಡ್ಸ್ ರೈಲಿನಲ್ಲಿ ಬಂದರು. ಬಂದವರನ್ನು ಸರ್ಕಾರವೇ ಇಲ್ಲಿನ ಹಳ್ಳಿ ಮನೆಗಳಿಗೆ ಹಂಚಿತು. ಯಾರಿಗೂ ಅವರು ಬೇಕಿರಲಿಲ್ಲ. ಭಾಷೆ ಒಂದೇ, ದೇವರೂ ಒಬ್ಬನೇ. ಆದರೂ ಮೊದಲ ವರ್ಷ ಆ ಮನೆಯೊಡತಿ ಇವರ ಜೊತೆ ಮಾತಾಡಲಿಲ್ಲವಂತೆ. ಎರಡನೇ ಡಿಸೆಂಬರಿನಲ್ಲಿ ಒಂದು ದಿನ ಅಡುಗೆಮನೆಗೆ ಕರೆದು, ಹಿಟ್ಟಿನ ಮೇಲೆ ಮರದ ಅಚ್ಚು ಒತ್ತುವುದನ್ನು ಕಲಿಸಿದಳಂತೆ. ಷ್ಪ್ರಿಂಗರ್ಲೆ ಅಂತ ಆ ಬಿಸ್ಕತ್ತಿಗೆ ಹೆಸರು. ಸೋಂಪು ಹಾಕಿ ಮಾಡುತ್ತಾರೆ. ಒತ್ತಿದ ಮೇಲೆ ಒಂದು ರಾತ್ರಿ ಒಣಗಲು ಬಿಡಬೇಕು. ಇಲ್ಲದಿದ್ದರೆ ಚಿತ್ರ ಅಳಿಸಿಹೋಗುತ್ತದೆ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಮಣೆಯನ್ನು ನೋಡಿದವರಿಗೆ ಇದು ಹೊಸದಲ್ಲ. ಹೂವು, ಹಕ್ಕಿ, ಕುದುರೆ, ಅವವೇ ಚಿತ್ರಗಳು. ಹೋದ ವರ್ಷ ಅಜ್ಜಿ ವೃದ್ಧರ ಮನೆಗೆ ಹೋಗುವಾಗ ಆ ಅಚ್ಚು ನನ್ನ ಕೈಗೆ ಕೊಟ್ಟರು. ಸಕ್ಕರೆ ಅಚ್ಚು ಅದರಲ್ಲಿ ಬರುವುದಿಲ್ಲ, ಅದಕ್ಕೆ ಎರಡು ಹೋಳಿನದ್ದು ಬೇಕು. ಬಿಸ್ಕತ್ತು ಮಾತ್ರ ಈಗ ನನ್ನ ಮಗಳೇ ಒತ್ತುತ್ತಾಳೆ.

ಈಗ ಋಣದ ಮಾತಿಗೆ ಬರುತ್ತೇನೆ.

ಸ್ಟುಟ್‌ಗಾರ್ಟ್ ಸುತ್ತ ಕಾರು ಉದ್ಯಮ ನಂಬಿ ಬದುಕುವವರಿಗೆಲ್ಲ ಗೊತ್ತು ಈ ವರ್ಷ ಹೇಗಿತ್ತು ಅಂತ. ಜುಲೈನಲ್ಲಿ ನಮ್ಮ ಯಜಮಾನರ ಕೈಗೂ ಪತ್ರ ಬಂತು. ಹತ್ತು ವರ್ಷ ದುಡಿದ ಜಾಗ. ಒಂದು ಪುಟದ ಪತ್ರ, ಅದರಲ್ಲಿ ಥ್ಯಾಂಕ್ಸ್ ಅನ್ನುವ ಒಂದು ಸಾಲೂ ಇರಲಿಲ್ಲ. ಅಂದು ರಾತ್ರಿ ಅವರು ಊಟ ಮಾಡಲಿಲ್ಲ. ನವೆಂಬರಿನಿಂದ ನಿರುದ್ಯೋಗ ವಿಮೆಯ ಹಣದಲ್ಲಿ ಮನೆ ನಡೆಯುತ್ತಿದೆ. ಮಕ್ಕಳಿರುವವರಿಗೆ ಮೊದಲಿನ ನಿವ್ವಳ ಸಂಬಳದ 67%, ಇಲ್ಲದವರಿಗೆ 60%. ನಮ್ಮ ವಯಸ್ಸಿನವರಿಗೆ ಹೆಚ್ಚೆಂದರೆ ಒಂದು ವರ್ಷ.

ಆಗ ನಮ್ಮವರೇ ಒಬ್ಬರು ಫೋನಿನಲ್ಲಿ ಹೇಳಿದರು, "ನೋಡು, ಎಂಥ ದೇಶ, ಕೆಲಸ ಹೋದರೂ ಸಾಕುತ್ತಿದೆ, ಕೈ ಮುಗಿಯಬೇಕು." ನನಗೆ ಸಂಕಟವಾಯಿತು. ಈ ಹಣ ಯಾರೂ ಸಾಕಲು ಕೊಟ್ಟದ್ದಲ್ಲ. ತಿಂಗಳ ಸಂಬಳದಿಂದ ಈ ವಿಮೆಗೆ 2.6% ಹೋಗುತ್ತದೆ. ಅರ್ಧ ಕೆಲಸಗಾರನ ಪಾಲು, ಅರ್ಧ ಕಂಪನಿಯದು. ಹತ್ತು ವರ್ಷ ಕಟ್ಟಿದ್ದೇವೆ. ಮಳೆಗಾಲಕ್ಕೆ ಅಂತ ಕೂಡಿಟ್ಟ ಸೌದೆ ಅದು. ಇಂಥ ವ್ಯವಸ್ಥೆ ಕಟ್ಟಿದವರ ಬಗ್ಗೆ ನನಗೆ ಗೌರವ ಇದೆ, ತುಂಬಾ ಇದೆ. ನಮ್ಮ ದೇಶದಲ್ಲೂ ಎಲ್ಲ ದುಡಿಯುವವರಿಗೆ ಇದು ಸಿಗಬೇಕು ಅಂತ ಆಸೆ ಇದೆ. ಆದರೆ ವಲಸೆ ಬಂದವರು ಮಾತ್ರ ತಮ್ಮ ಹಕ್ಕಿನ ಹಣಕ್ಕೂ ತಲೆತಗ್ಗಿಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜರ್ಮನ್ ನೆರೆಯವರಿಗೆ ಯಾರೂ ಹಾಗೆ ಹೇಳುವುದಿಲ್ಲವಲ್ಲ. ಹೊಸದಾಗಿ ಬಂದ ಹುಡುಗರಿಗಂತೂ ಕೆಲಸದ ಜೊತೆ ವೀಸಾದ ಚಿಂತೆಯೂ ಇದೆ. ಅವರ ಮೇಲೆ ಈ ಋಣದ ಭಾರವನ್ನೂ ಹೊರಿಸಬೇಡಿ.

ಸಂತೆಯಲ್ಲಿ ಕೊಸರು ಅಂತ ಇರುತ್ತಲ್ಲ? ಒಂದು ಕೆಜಿ ಬೀನ್ಸ್ ತೂಗಿ, ತಕ್ಕಡಿ ಸರಿಯಾದ ಮೇಲೆ, ಒಂದು ಹಿಡಿ ಜಾಸ್ತಿ ಹಾಕುತ್ತಾರೆ. ತೂಕಕ್ಕೆ ದುಡ್ಡು ಕೊಟ್ಟಿರುತ್ತೇವೆ. ಕೊಸರಿಗೆ ಕೊಟ್ಟಿರುವುದಿಲ್ಲ. ನನ್ನ ಕೃತಜ್ಞತೆ ಪೂರ್ತಿ ಆ ಕೊಸರಿಗೆ.

ಮಗಳು ಹುಟ್ಟಿದಾಗ ಮೂರು ತಿಂಗಳು ನಮ್ಮ ಸರದಿಯ ಮೆಟ್ಟಿಲನ್ನೂ ಅಜ್ಜಿ ಗುಡಿಸಿದರು. ಅವರಿಗೆ ಆಗ 78. ಅದು ಕೊಸರು. ನಿರುದ್ಯೋಗ ಕಚೇರಿಯಲ್ಲಿ ಹಣ ಸಿಕ್ಕಿದ್ದು ತೂಕ. ಅಲ್ಲಿನ ಮೇಜಿನ ಹಿಂದಿದ್ದ ಹೆಂಗಸು ಯಜಮಾನರ ಕೈ ನಡುಗುವುದನ್ನು ನೋಡಿ, ಅರ್ಜಿ ಪಕ್ಕಕ್ಕಿಟ್ಟು, ನೀರು ತಂದುಕೊಟ್ಟು, "ನಿಧಾನ, ನನಗೆ ಸಮಯ ಇದೆ" ಅಂದದ್ದು ಕೊಸರು. ರೈಲು ನಿಲ್ದಾಣದ ಹತ್ತಿರ ಟರ್ಕಿಯವರ ತರಕಾರಿ ಅಂಗಡಿ ಇದೆ. 1961ರಲ್ಲಿ ಜರ್ಮನಿ ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿಕೊಂಡಿತು. ಹಾಗೆ ಬಂದವರ ಮಗ ಆ ಅಂಗಡಿಯವರು. ಪ್ರತಿ ಸಲ ಚೀಲದ ಮೇಲೆ ಒಂದು ಕಟ್ಟು ಕೊತ್ತಂಬರಿ ಇಡುತ್ತಾರೆ. ಆಗಸ್ಟಿನಿಂದ ಎರಡು ಕಟ್ಟು ಇಡುತ್ತಿದ್ದಾರೆ. ನಾನು ಏನೂ ಹೇಳಿರಲಿಲ್ಲ. ನಾನು ಕೊಳ್ಳುವುದು ಕಡಿಮೆಯಾದದ್ದನ್ನು ಅವರು ಗಮನಿಸಿದ್ದರು ಅಷ್ಟೆ.

ಇನ್ನು ಹಬ್ಬದ ಮಾತು. ಯುಗಾದಿ ನಮ್ಮ ಮನೆಯಲ್ಲಿ ಪ್ರತಿ ವರ್ಷ ಆಗುತ್ತದೆ. ಬೇವು ಸಿಗದಿದ್ದರೆ ಅಮ್ಮ ಕಳಿಸಿದ ಒಣ ಬೇವಿನ ಹೂವು ಇರುತ್ತದೆ. ಕ್ರಿಸ್‌ಮಸ್ ಮಾಡಿದ್ದರಿಂದ ಅದರಲ್ಲಿ ಒಂದು ಎಸಳೂ ಕಡಿಮೆಯಾಗಿಲ್ಲ. ಡಿಸೆಂಬರ್ 31ರ ಸಂಜೆ ಏಳೂವರೆಗೆ ಊರಲ್ಲಿ ಹನ್ನೆರಡು ಹೊಡೆಯುತ್ತದೆ, ಅಮ್ಮ ಫೋನ್ ಮಾಡುತ್ತಾರೆ. ನಾಲ್ಕೂವರೆ ಗಂಟೆ ಬಿಟ್ಟು ಇಲ್ಲಿ ಹೊಡೆಯುತ್ತದೆ, ನಾನು ಮಾಡುತ್ತೇನೆ. ದೀಪಾವಳಿಗೆ ಇಲ್ಲಿ ಹಾಗೆಲ್ಲ ಪಟಾಕಿ ಹೊಡೆಯುವಂತಿಲ್ಲ. ವರ್ಷದ ಕೊನೆಯ ರಾತ್ರಿ ಮಾತ್ರ ಬೀದಿ ಬೀದಿಯಲ್ಲೂ ಹೊಡೆಯುತ್ತಾರೆ. ಮಗಳು ಸುರುಸುರು ಬತ್ತಿ ಹಿಡಿದು ಅದಕ್ಕೆ "ದೊಡ್ಡ ದೀಪಾವಳಿ" ಅನ್ನುತ್ತಾಳೆ. ನಾನು ತಿದ್ದಲು ಹೋಗಿಲ್ಲ. ಜನವರಿ 6ಕ್ಕೆ ಇಲ್ಲಿ ಮೂರು ರಾಜರ ಹಬ್ಬ. ಮಕ್ಕಳು ಕಿರೀಟ ತೊಟ್ಟು, ಹಾಡಿ, ಕಷ್ಟದಲ್ಲಿರುವ ಮಕ್ಕಳಿಗಾಗಿ ಹಣ ಕೂಡಿಸುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ವರ್ಷ ಮತ್ತು ಆಶೀರ್ವಾದದ ಮೂರು ಅಕ್ಷರ ಬರೆಯುತ್ತಾರೆ. ಮೇಲೆ ಸೀಮೆಸುಣ್ಣ, ಕೆಳಗೆ ರಂಗೋಲಿ. ಒಂದೇ ಬಾಗಿಲು ಎರಡನ್ನೂ ಹೊತ್ತುಕೊಂಡಿದೆ.

25ರಿಂದ ಹೊಸ ವರ್ಷದವರೆಗಿನ ದಿನಗಳಿಗೆ ಇಲ್ಲಿ "ವರ್ಷಗಳ ನಡುವೆ" ಅನ್ನುತ್ತಾರೆ. ಎಷ್ಟು ಚಂದದ ಮಾತು. ಮೊನ್ನೆ 27ಕ್ಕೆ ಮಗಳನ್ನು ಟ್ಯೂಬಿಂಗನ್‌ಗೆ ಕರೆದುಕೊಂಡು ಹೋಗಿದ್ದೆವು. ಇದೇ ನೆಕರ್ ದಡದ ಊರು. ನಮ್ಮ ನಿಘಂಟಿನ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅಲ್ಲಿ. 1843ರಲ್ಲಿ "ಮಂಗಳೂರು ಸಮಾಚಾರ" ಪತ್ರಿಕೆ ಶುರುಮಾಡಿದ ಮೋಗ್ಲಿಂಗ್ ತೀರಿಕೊಂಡದ್ದು ನಮ್ಮ ಎಸ್ಲಿಂಗನ್‌ನಲ್ಲೇ. ಇಬ್ಬರೂ ಧರ್ಮಪ್ರಚಾರಕ್ಕೆ ಅಂತ ನಮ್ಮ ನಾಡಿಗೆ ಬಂದವರು. ಅದು ಅವರಿಗೆ ಒಪ್ಪಿಸಿದ ಕೆಲಸ. ಆದರೆ 1894ರಲ್ಲಿ ಅಚ್ಚಾದ ಆ ನಿಘಂಟಿನ ಸುಮಾರು 70 ಸಾವಿರ ಪದಗಳಿಗೆ ಕಿಟೆಲ್ ಕೊಟ್ಟ ಆಯಸ್ಸು ಯಾವ ಸಂಬಳಕ್ಕೂ ಹೊಂದುವುದಿಲ್ಲ. ಹೊರಗಿನಿಂದ ಬಂದವರು ಹೀಗೂ ಕೊಸರು ಹಾಕಿ ಹೋಗುತ್ತಾರೆ. ಮಗಳು ಸೇತುವೆ ಮೇಲೆ ನಿಂತು "ಅವರಿಗೆ ಹುಗ್ಗಿ ಇಷ್ಟ ಇತ್ತಾ?" ಅಂತ ಕೇಳಿದಳು. ಅಷ್ಟು ವರ್ಷ ಧಾರವಾಡ, ಮಂಗಳೂರು ಕಡೆ ಇದ್ದವರು, ತಿಂದೇ ಇರುತ್ತಾರೆ ಅಂದೆ.

24ರ ಸಂಜೆ ಹುಗ್ಗಿ ಡಬ್ಬ ಹಿಡಿದು ಅಜ್ಜಿಯನ್ನು ನೋಡಲು ಹೋಗಿದ್ದೆ. ಈಗ 85. ನನ್ನ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇಲ್ಲ. ಏಲಕ್ಕಿ ವಾಸನೆಗೆ ಕಣ್ಣು ಬಿಟ್ಟರು. ಆ ರಾತ್ರಿ ಪಾಳಿಯಲ್ಲಿ ಕೇರಳದ ಒಬ್ಬ ಹುಡುಗಿ ಇದ್ದಳು. ಬಂದು ಐದು ತಿಂಗಳಾಗಿದೆಯಂತೆ. ಅವಳದು ಕ್ರೈಸ್ತ ಮನೆತನ. ನನಗಾದರೆ 2015ರಲ್ಲಿ ಅದು ಬೇರೆಯವರ ಹಬ್ಬವಾಗಿತ್ತು. ಇವಳಿಗೆ ತನ್ನದೇ ಹಬ್ಬ. ತನ್ನ ಅಮ್ಮನ ಮನೆಯಲ್ಲಿ ನಕ್ಷತ್ರದ ದೀಪ ಹಚ್ಚಿರುವ ಹೊತ್ತಿಗೆ ಅವಳು ಇಲ್ಲಿ ಇನ್ನೊಬ್ಬರ ಅಮ್ಮಂದಿರ ಕಾಲು ಒರೆಸುತ್ತಿದ್ದಳು. ಉಳಿದ ಹುಗ್ಗಿಯನ್ನು ಡಬ್ಬದ ಸಮೇತ ಅವಳ ಕೈಗಿಟ್ಟೆ. ನಿಂತುಕೊಂಡೇ ಎರಡು ತುತ್ತು ತಿಂದಳು. ಮೂರನೆಯದಕ್ಕೆ ಕುಳಿತುಕೊಂಡಳು.

ನಿನ್ನೆ ಅವಳ ಫೋನ್ ಬಂದಿತ್ತು. ಡಬ್ಬ ವಾಪಸ್ ಕೊಡಲು ತಡವಾಗುತ್ತದೆ ಅಂದಳು. ಪರವಾಗಿಲ್ಲ, ಬರುವಾಗ ಹಾಗೇ ತಂದುಬಿಡು ಅಂದೆ. "ಖಾಲಿ ಹೇಗೆ ತರಲಿ ಚೇಚಿ, ಅಡುಗೆ ಮಾಡಲು ನನಗೆ ರಜೆ ಸಿಗುವುದು ಭಾನುವಾರ" ಅಂದಳು. ಭಾನುವಾರ ಎಳ್ಳು ಹುರಿದು, ಬೆಲ್ಲ, ಕೊಬ್ಬರಿ ಹೆಚ್ಚಲು ಕೂರುತ್ತೇನೆ, ಇಲ್ಲಿಗೇ ಬಾ, ಇಬ್ಬರೂ ಒಟ್ಟಿಗೆ ಮಾಡೋಣ ಅಂದಿದ್ದೇನೆ.